ಉಪ್ಪಿಲ್ಲದ ನೀರು

ನಮ್ಮ ಆಸ್ಪತ್ರೆಯ ನೀರಿನ ಕೋಣೆಯಲ್ಲಿ ನಾನು ಮಾಡಿದ್ದ ಕಾನೂನು ಒಂದೇ: ಜಾಡಿಗೆ ಉಪ್ಪು ಮೊದಲು ಬೀಳಬೇಕು, ನೀರು ಆಮೇಲೆ. ಆ ಕಾನೂನು ನನ್ನ ಹೆಮ್ಮೆಯಾಗಿತ್ತು. ಅದೇ ಕಾನೂನಿನಿಂದ ಒಂದು ದಿನ ಒಬ್ಬ ಇಪ್ಪತ್ತೆರಡು ವರ್ಷದವನ ಜೀವ ಹೋಗುವುದರಲ್ಲಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಮುಳಬಾಗಿಲಿನ ಕಡೆ ಹೆದ್ದಾರಿಗೆ ಅಂಟಿಕೊಂಡಿದ್ದ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಯಲ್ಲಿ ನಾನು ಫಾರ್ಮಸಿಸ್ಟ್. ಜನರ ಬಾಯಲ್ಲಿ ಕಾಂಪೌಂಡರ್. ಸಲೈನ್ ಬಾಟಲಿಗಳನ್ನು ಆಗ ನಾವೇ ತಯಾರಿಸಿಕೊಳ್ಳುತ್ತಿದ್ದೆವು. ಬೋರ್‌ವೆಲ್ ನೀರನ್ನು ದೊಡ್ಡ ತಾಮ್ರದ ಪಾತ್ರೆಯಲ್ಲಿ ಕುದಿಸಿ, ಆವಿಯನ್ನು ಕೊಳವೆಯಲ್ಲಿ ಹಾಯಿಸಿ, ಮತ್ತೆ ನೀರಾಗಿಸಿ ಜಾಡಿಗೆ ಇಳಿಸುವುದು. ಆಮೇಲೆ ಬಾಟಲಿಗೆ ತುಂಬಿ ಆಟೋಕ್ಲೇವಿನಲ್ಲಿ, ಒತ್ತಡದ ಆವಿಯಲ್ಲಿ, ಬೇಯಿಸುವುದು. ಎರಡು ಪಂಪ್ ಸ್ಟವ್ ಭರ್ರೆಂದು ಉರಿಯುತ್ತಿದ್ದ ಆ ಕೋಣೆಗೆ ಊರಿನವರು ಇಟ್ಟ ಹೆಸರು ಭಟ್ಟಿ ಮನೆ. ಅಲ್ಲಿ ನನಗೆ ಸಹಾಯಕ್ಕಿದ್ದ ಆಯಮ್ಮ ನನಗಿಂತ ಹದಿನೈದು ವರ್ಷ ದೊಡ್ಡವಳು. ಬಾಯಿ ಜೋರು. "ನಮ್ ಸಾಮಿ ಭಟ್ಟಿ ಇಳಿಸ್ತಾರೆ, ಒಂದ್ ಹನೀನೂ ಯಾರ್ಗೂ ಕೊಡಲ್ಲ" ಎಂದು ಬಂದವರೆಲ್ಲರ ಮುಂದೆ ಆಡಿಕೊಳ್ಳುತ್ತಿದ್ದಳು.

ಉಪ್ಪಿನ ಕಾನೂನು ಹುಟ್ಟಿದ್ದಕ್ಕೆ ಕಾರಣವಿತ್ತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಉಪ್ಪು ಬೆರೆಸದ ಬರೀ ನೀರಿನ ಬಾಟಲಿಯೊಂದು ವಾರ್ಡಿಗೆ ಹೋಗಿ ಒಬ್ಬ ಮುದುಕಿಯ ರಕ್ತನಾಳಕ್ಕೆ ಏರಿತು. ಬರೀ ನೀರು ರಕ್ತಕ್ಕೆ ಅಷ್ಟು ಪ್ರಮಾಣದಲ್ಲಿ ಸೇರಿದರೆ ರಕ್ತಕಣ ಒಡೆಯುತ್ತದೆ. ಮುದುಕಿಯ ಮೂತ್ರ ಕೆಂಪಾಯಿತು. ಆಕೆ ಬದುಕಿದ್ದು ಆಕೆಯ ಪುಣ್ಯ, ನನ್ನ ಜಾಣತನವಲ್ಲ. ಅಂದಿನಿಂದ ತೂಗಿದ ಉಪ್ಪನ್ನು ಖಾಲಿ ಜಾಡಿಯ ತಳಕ್ಕೆ ಮೊದಲೇ ಹಾಕಿಡುತ್ತಿದ್ದೆ. ಇಳಿಯುವ ನೀರು ಉಪ್ಪಿನ ಮೇಲೇ ಬೀಳಬೇಕು. ಬರೀ ನೀರು ಎನ್ನುವುದು ನನ್ನ ಕೋಣೆಯಲ್ಲಿ ಎಲ್ಲೂ ಇರಲೇಬಾರದು. ಯಾರಾದರೂ ಕೇಳಿದರೆ ಗದರಿಸಿ ಕಳಿಸುತ್ತಿದ್ದೆ. ನನ್ನ ಸಿಟ್ಟು ಇಡೀ ಆಸ್ಪತ್ರೆಗೆ ಗೊತ್ತಿತ್ತು.

ನನ್ನ ಬೀರುವಿನ ಕೆಳಗಿನ ಅರೆಯಲ್ಲಿ ಒಂದು ರಟ್ಟಿನ ಡಬ್ಬಿ ಇತ್ತು. ಹಿಂದಿನ ವರ್ಷ ಎರಡು ತಿಂಗಳು ನಮ್ಮಲ್ಲಿ ಕೆಲಸ ಮಾಡಿ ಹೋಗಿದ್ದ ಒಬ್ಬ ವಿದೇಶಿ ಡಾಕ್ಟರು ಬಿಟ್ಟು ಹೋದದ್ದು. ಒಳಗೆ ಹನ್ನೆರಡು ಸೀಸೆ, ಸೀಸೆಯ ತಳದಲ್ಲಿ ಕಿತ್ತಳೆ ಬಣ್ಣದ ಪುಡಿ. ಔಷಧದ ಹೆಸರು ಡ್ಯಾಂಟ್ರೋಲಿನ್. ಲಕ್ಷಕ್ಕೊಬ್ಬರೋ ಏನೋ, ಕೆಲವರ ಮೈಗೆ ಹುಟ್ಟಿನಿಂದಲೇ ಒಂದು ದೋಷವಿರುತ್ತದೆ. ಅರಿವಳಿಕೆಯ ಗಾಳಿ, ಸ್ನಾಯು ಸಡಿಲಿಸುವ ಇಂಜೆಕ್ಷನ್ ತಾಗಿದರೆ ಅವರ ಸ್ನಾಯುಗಳು ಸಡಿಲವಾಗುವ ಬದಲು ಬಿಗಿದುಕೊಂಡು, ಮೈ ಒಳಗಿನಿಂದಲೇ ಕಾಯತೊಡಗುತ್ತದೆ. ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ. ಅದಕ್ಕಿರುವ ಮದ್ದು ಇದೊಂದೇ. ಆ ಡಾಕ್ಟರು ಕೊಟ್ಟ ಚೀಟಿಯನ್ನು ನಾನೇ ಕನ್ನಡಕ್ಕೆ ಇಳಿಸಿ ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದೆ: ಒಂದು ಸೀಸೆಗೆ ಅರವತ್ತು ಎಂ.ಎಲ್. ಡಿಸ್ಟಿಲ್ಡ್ ವಾಟರ್. ಸಲೈನ್ ಕೂಡದು. ಗ್ಲೂಕೋಸ್ ಕೂಡದು. ತಿಳಿಯಾಗುವ ತನಕ ಕುಲುಕಬೇಕು. ಪುಡಿಯಲ್ಲಿ ಸಕ್ಕರೆಯಂಥ ವಸ್ತುವೊಂದು ಬೆರೆತಿರುವುದರಿಂದ ಈ ನೀರು ರಕ್ತಕಣ ಒಡೆಯುವುದಿಲ್ಲ.

ಬರೆದವನು ನಾನೇ. ಆದರೆ ಅಷ್ಟೊಂದು ಬರೀ ನೀರು ನನ್ನ ಹತ್ತಿರ ಎಲ್ಲಿದೆ ಎಂದು ಒಂದು ದಿನವೂ ಯೋಚಿಸಲಿಲ್ಲ.

ಮಾವಿನ ಕೊಯ್ಲಿನ ದಿನಗಳು. ಯಲ್ದೂರಿನ ಕಡೆಯ ತೋಟದಲ್ಲಿ ಕಾಯಿ ಕೀಳುವಾಗ ಕೊಂಬೆ ಮುರಿದು ಬಿದ್ದು ಒಬ್ಬ ಹುಡುಗ ತೊಡೆಯ ಮೂಳೆ ಮುರಿದುಕೊಂಡು ಬಂದ. ತಾಯಿ ಇಲ್ಲ, ಸಾಕಿದ್ದು ಅಕ್ಕ. ಆಪರೇಷನ್ನಿನ ಬೆಳಿಗ್ಗೆ ನಾನು ಮಾತ್ರೆಯ ತಟ್ಟೆ ಹಿಡಿದು ವಾರ್ಡಿನಲ್ಲೇ ಇದ್ದೆ. ಅರಿವಳಿಕೆ ಕೊಡುವ ಡಾಕ್ಟರಮ್ಮ ಹಾಸಿಗೆಯ ಪಕ್ಕ ಕೂತು ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ ಕೇಳಿದರು. ಆಸ್ತಮಾ ಇದೆಯಾ, ಹಿಂದೆ ಆಪರೇಷನ್ ಆಗಿದೆಯಾ.

"ನಿಮ್ಮ ಮನೇಲಿ ಯಾರಿಗಾದ್ರೂ ಆಪರೇಷನ್ ಹೊತ್ತಲ್ಲಿ ತೊಂದ್ರೆ ಆಗಿತ್ತಾ?"

"ಇಲ್ಲ ಕಣಮ್ಮ. ಯಾರ್ಗೂ ಏನೂ ಆಗಿಲ್ಲ" ಎಂದಳು ಅಕ್ಕ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು. ಹೇಳುತ್ತಲೇ ತಮ್ಮನ ಹಣೆಗೆ ಇನ್ನೊಮ್ಮೆ ಕುಂಕುಮ ಇಟ್ಟಳು. ನಾನು ಅದನ್ನು ನೋಡಿದೆ, ಅದರಲ್ಲಿ ಏನಿದೆ ಎಂದುಕೊಂಡೆ.

ಹತ್ತೂವರೆ ಇರಬೇಕು. ಥಿಯೇಟರಿನ ಸಿಸ್ಟರ್ ಚಪ್ಪಲಿಯನ್ನೂ ಮರೆತು ಓಡಿ ಬಂದರು. "ಸಾರ್, ಆ ಫಾರಿನ್ ಡಬ್ಬಿ! ಬೇಗ ತನ್ನಿ, ಡಾಕ್ಟ್ರಮ್ಮ ಕೇಳ್ತಿದಾರೆ!"

ಡಬ್ಬಿ ಹಿಡಿದು ಓಡಿದೆ. ಒಳಗೆ ಗದ್ದಲವಿರಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಸರ್ಜನ್ನರು ತಲೆ ಎತ್ತದೆ ಗಾಯ ಮುಚ್ಚುತ್ತಿದ್ದರು. ಗಾಯದ ರಕ್ತ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಡಾಕ್ಟರಮ್ಮ ಅರಿವಳಿಕೆಯ ಗಾಳಿ ನಿಲ್ಲಿಸಿ, ಬರೀ ಆಮ್ಲಜನಕದ ಚೀಲವನ್ನು ಒತ್ತುತ್ತಲೇ ಮಾತಾಡಿದರು.

"ದವಡೆ ಕಲ್ಲಾಗಿದೆ. ನಾಡಿ ನೂರ ಅರವತ್ತು. ಜ್ವರ ನೂರಾ ಐದು, ಏರ್ತಾನೇ ಇದೆ. ಇದು ಅದೇ ಅಂತ ನನಗನ್ನಿಸ್ತಿದೆ. ನಿಮಗೆ ಕಲಸೋಕೆ ಗೊತ್ತಲ್ವಾ?"

"ಗೊತ್ತು ಮೇಡಂ" ಎಂದೆ. ಓದಿ ಗೊತ್ತಿತ್ತು, ಕಲಸಿ ಗೊತ್ತಿರಲಿಲ್ಲ. ಹುಡುಗನ ತೋಳು ಮುಟ್ಟಿದೆ. ಕಾದ ಹಂಚಿನ ಹಾಗಿತ್ತು, ಒತ್ತಿದರೆ ಬೆರಳು ಇಳಿಯಲಿಲ್ಲ.

ಸರ್ಜನ್ನರು ಜೀಪಿನ ಡ್ರೈವರನ್ನು ಬಸ್‌ಸ್ಟ್ಯಾಂಡ್ ಪಕ್ಕದ ಐಸ್‌ಕ್ಯಾಂಡಿ ಫ್ಯಾಕ್ಟರಿಗೆ ಅಟ್ಟಿದರು. ನಾನು ಮೂಲೆಯ ಮೇಜಿನ ಮೇಲೆ ಸೀಸೆಗಳನ್ನು ಜೋಡಿಸಿದೆ. ಔಷಧದ ಕೋಣೆಯಲ್ಲಿ ಡಿಸ್ಟಿಲ್ಡ್ ವಾಟರಿನ ಸಣ್ಣ ಗಾಜಿನ ಆಂಪೂಲುಗಳು ಹದಿನೆಂಟಿದ್ದವು. ಒಂದೊಂದರಲ್ಲಿ ಐದು ಎಂ.ಎಲ್. ಪೆನಿಸಿಲಿನ್ ಕಲಸಲು ಇಟ್ಟಿದ್ದವು. ಸಿಸ್ಟರ್ ಒಂದೊಂದರ ಕತ್ತು ಮುರಿದು ಕೊಟ್ಟರು, ನಾನು ಸಿರಿಂಜಿನಲ್ಲಿ ಎಳೆದು ಸೀಸೆಗೆ ತುಂಬಿದೆ. ಹನ್ನೆರಡು ಆಂಪೂಲಿಗೆ ಒಂದು ಸೀಸೆ. ಕುಲುಕಿದೆ. ಪುಡಿ ಕರಗಲೊಲ್ಲದು, ತಳದಲ್ಲಿ ಸುತ್ತುತ್ತಿತ್ತು. ಮತ್ತೆ ಕುಲುಕಿದೆ. ಬೆಳಕಿಗೆ ಹಿಡಿದರೆ ಇನ್ನೂ ಚುಕ್ಕೆ ಚುಕ್ಕೆ. ಗೋಡೆಯ ಗಡಿಯಾರದಲ್ಲಿ ನಾಲ್ಕು ನಿಮಿಷ ಹೋದ ಮೇಲೆ ತಿಳಿಯಾಯಿತು. ಡಾಕ್ಟರಮ್ಮ ಅದನ್ನು ತೋಳಿನ ದೊಡ್ಡ ನಾಳಕ್ಕೆ ಏರಿಸಿದರು. ಒಂದು ಸೀಸೆಯಲ್ಲಿ ಇಪ್ಪತ್ತು ಮಿಲಿಗ್ರಾಂ. ಐವತ್ತು ಕೆ.ಜಿ.ಯ ಹುಡುಗನಿಗೆ ಮೊದಲ ಸಲಕ್ಕೇ ಅಂಥ ಎರಡು ಮೂರು ಬೇಕು, ಇಳಿಯದಿದ್ದರೆ ಇನ್ನೂ.

"ಉಳಿದದ್ದಕ್ಕೆಲ್ಲ ನೀರು ಇದೆಯಾ?"

"ನೀರಿಗೇನು ಮೇಡಂ ಬರ? ನನ್ನ ಜಾಡಿಯ ನೀರೇ ನಾಲ್ಕು ಲೀಟರ್ ಬೇಯಿಸಿ ಇಟ್ಟಿದೆ" ಎಂದೆ. ಆ ಹೊತ್ತಿನಲ್ಲೂ ನನಗೆ ಜಂಬ. ಆಯಮ್ಮನಿಗೆ ಕೂಗಿ ಹೇಳಿ, ಬೆಳಿಗ್ಗೆ ಜಾಡಿಯಿಂದ ತುಂಬಿಸಿ ಬೇಯಿಸಿಟ್ಟಿದ್ದ ಒಂದು ಬಾಟಲಿ ತರಿಸಿ, ಎರಡನೇ ಸೀಸೆಗೆ ಹಾಕಿ ಕುಲುಕತೊಡಗಿದೆ.

ಅದು ಕರಗಲಿಲ್ಲ. ಕುಲುಕಿದಷ್ಟೂ ಪುಡಿ ಗಂಟುಗಂಟಾಗಿ, ಹಿಟ್ಟು ಒಡೆದ ಹಾಗೆ ತೇಲಿತು. ಮುಂಗೈ ನೋಯುವವರೆಗೆ ಕುಲುಕಿದೆ. ಡಾಕ್ಟರಮ್ಮ ಖಾಲಿ ಸಿರಿಂಜು ಹಿಡಿದು ನನ್ನ ಕಡೆಗೇ ಕೈ ಚಾಚಿದ್ದರು. "ದರಿದ್ರದ್ದು, ಹಾಳಾಗಿ ಹೋಗಿದೆ ಪುಡಿ" ಎಂದು ಬೈದೆ. ಬಾಗಿಲಲ್ಲೇ ನಿಂತಿದ್ದ ಆಯಮ್ಮ ಮೆಲ್ಲಗೆ ಅಂದಳು.

"ಅದ್ರಲ್ಲಿ ಉಪ್ಪೈತಲ್ಲ ಸಾಮಿ. ಬೆಳಿಗ್ಗೆ ನೀವೇ ಅಲ್ವಾ ತೂಗಿ ಹಾಕಿದ್ದು?"

ನನ್ನ ಕೈ ನಿಂತಿತು. ಅಯ್ಯೋ ದೇವರೇ! ಸಲೈನ್ ಕೂಡದು ಎಂದು ನನ್ನದೇ ಅಕ್ಷರದಲ್ಲಿ ಬರೆದಿಟ್ಟು, ಆ ಔಷಧಕ್ಕೆ ನಾನೇ ಸಲೈನ್ ಹಾಕಿದ್ದೆ. ಇಷ್ಟು ವರ್ಷ ಅದನ್ನು ನೀರು ಎಂದೇ ಕರೆದು ಕರೆದು, ಅದು ನೀರಲ್ಲ ಎನ್ನುವುದೇ ನನಗೆ ಮರೆತುಹೋಗಿತ್ತು. ಹನ್ನೆರಡರಲ್ಲಿ ಒಂದು ಸೀಸೆ ಏರಿಸಿದ್ದಾಯಿತು, ಒಂದು ಹಾಳು. ಉಳಿದದ್ದು ಹತ್ತು, ಮುರಿಯದ ಆಂಪೂಲು ಆರು. ಆರು ಆಂಪೂಲಿಗೆ ಅರ್ಧ ಸೀಸೆ ಆದೀತು, ಅಷ್ಟೇ.

ಹೇಳದೆ ಗತಿಯಿರಲಿಲ್ಲ. "ಮೇಡಂ, ತಪ್ಪಾಯ್ತು. ಇದು ಸಲೈನ್. ಬರೀ ನೀರು ಇಲ್ಲ ನನ್ನ ಹತ್ತಿರ" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೊಸದಾಗಿ ಮಾಡೋಕೆ ಎಷ್ಟು ಹೊತ್ತು?"

"ಭಟ್ಟಿ ಉರೀತಿದೆ, ಕೊಳವೆಯಲ್ಲಿ ನೀರು ಇಳೀತಿದೆ. ಒಂದು ನಿಮಿಷಕ್ಕೆ ಒಂದು ಸೀಸೆಗಾಗೋಷ್ಟು. ಆದ್ರೆ ಆಟೋಕ್ಲೇವ್ ಹತ್ತಿ, ಬೆಂದು, ಇಳಿದು, ಆರೋಕೆ ಒಂದು ಗಂಟೆ ಮೇಲಾಗುತ್ತೆ."

"ನೂರಾ ಆರೂವರೆ" ಎಂದರು ಸಿಸ್ಟರ್, ಥರ್ಮಾಮೀಟರ್ ನೋಡಿ.

"ಒಂದು ಗಂಟೆ ಇವನ ಹತ್ತಿರ ಇಲ್ಲ" ಎಂದರು ಡಾಕ್ಟರಮ್ಮ. ಚೀಲ ಒತ್ತುವ ಕೈ ನಿಲ್ಲಿಸದೆ ನನ್ನ ಮುಖ ನೋಡಿದರು. "ಕೊಳವೆಯಿಂದ ನೇರ ಹಿಡಿದು ತಂದ್ರೆ? ನಿಮ್ಮ ನೀರನ್ನ ನಾನು ನಂಬಬಹುದಾ?"

ಆಟೋಕ್ಲೇವಿನಲ್ಲಿ ಬೇಯದ ಒಂದೇ ಒಂದು ಬಾಟಲಿಯನ್ನೂ ನಾನು ಆ ಕೋಣೆಯಿಂದ ಹೊರಗೆ ಬಿಟ್ಟವನಲ್ಲ. ಶುದ್ಧವಿಲ್ಲದ ನೀರು ರಕ್ತಕ್ಕೆ ಹೋದರೆ ಚಳಿ ಹಿಡಿದು ನಡುಕ ಬರುತ್ತದೆ, ಜ್ವರ ಏರುತ್ತದೆ, ಜೀವವೂ ಹೋಗುತ್ತದೆ. ಇಲ್ಲಿ ಆಗಲೇ ಉರಿಯುತ್ತಿರುವ ಮೈ. ನಾಳೆ ಇವನು ಸತ್ತರೆ ಕಾಯಿಲೆಯಿಂದ ಸತ್ತನೋ ನನ್ನ ನೀರಿನಿಂದ ಸತ್ತನೋ ಯಾರು ಹೇಳಬೇಕು? ಇಲ್ಲ ಎನ್ನುವುದು ಸುಲಭವಿತ್ತು, ನಿಯಮ ನನ್ನ ಬೆನ್ನಿಗೆ ನಿಲ್ಲುತ್ತಿತ್ತು. ಆದರೆ ಕುದ್ದ ಆವಿಯಿಂದ ಆಗಷ್ಟೇ ಹುಟ್ಟಿದ ನೀರು ಅದು. ಕೊಳವೆಯನ್ನು ನಾನೇ ಬೆಳಿಗ್ಗೆ ಕುದಿಸಿ ಜೋಡಿಸಿದ್ದೆ. ಆ ನೀರನ್ನು ನಾನಲ್ಲದೆ ಇನ್ಯಾರು ನಂಬಬೇಕು?

"ನಂಬಿ ಮೇಡಂ" ಎಂದೆ.

ಭಟ್ಟಿ ಮನೆಗೆ ಓಡಿ, ಮೊಣಕೈವರೆಗೆ ಸೋಪಿನಲ್ಲಿ ತೊಳೆದೆ. ಜಾಡಿಯನ್ನು ಆಯಮ್ಮ ಪಕ್ಕಕ್ಕೆ ಎಳೆದಳು. ಕೊಳವೆಯ ತುದಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಮೊದಲು ಬಿದ್ದ ಒಂದು ಚೊಂಬಿನಷ್ಟು ನೀರನ್ನು ನೆಲಕ್ಕೆ ಬಿಟ್ಟೆ. ಹಿಂದಿನ ದಿನ ಆಟೋಕ್ಲೇವ್ ಆಗಿದ್ದ ಖಾಲಿ ಬಾಟಲಿಯ ಮುಚ್ಚಳ ತೆಗೆದು ಕೊಳವೆಗೆ ಹಿಡಿದೆ. ಇನ್ನೂರು ಎಂ.ಎಲ್. ಗೆರೆ ಮುಟ್ಟುವವರೆಗೆ ಕಣ್ಣು ತೆಗೆಯಲಿಲ್ಲ. ಆಯಮ್ಮ ಸ್ಟವ್‌ಗೆ ಗಾಳಿ ಹೊಡೆಯುತ್ತಾ, "ಬೀಳು ತಾಯಿ, ಬೀಳು, ಬೇಗ ಬೀಳು" ಎಂದು ಕೊಳವೆಯನ್ನೇ ಬೇಡುತ್ತಿದ್ದಳು. ಬೇಸಿಗೆಯ ಬಿಸಿಲಿಗೆ ಮೇಲಿನ ಟ್ಯಾಂಕಿನ ನೀರೇ ಕಾದಿತ್ತು. ಆವಿಯನ್ನು ತಣಿಸುವ ನೀರು ಬೆಚ್ಚಗಿದ್ದದ್ದರಿಂದ ಬಾಟಲಿಯ ನೀರೂ ಬೆಚ್ಚಗಿತ್ತು, ಕೂಸಿಗೆ ಸ್ನಾನ ಮಾಡಿಸುವಷ್ಟು ಬಿಸಿ.

ಆ ಬಿಸಿಯೇ ನಮ್ಮನ್ನು ಕಾಪಾಡಿತು. ತಣ್ಣನೆಯ ಆಂಪೂಲು ನೀರಿನಲ್ಲಿ ನಾಲ್ಕು ನಿಮಿಷ ಸತಾಯಿಸಿದ್ದ ಪುಡಿ ಇದರಲ್ಲಿ ಒಂದು ನಿಮಿಷಕ್ಕೆಲ್ಲ ಕರಗಿ, ತಿಳಿ ಹಳದಿ ಬಣ್ಣದ ನೀರಾಯಿತು. ಮೂರು ಸೀಸೆ ಒಂದರ ಹಿಂದೊಂದು ಹೋದವು. ಅಷ್ಟರಲ್ಲಿ ಗೋಣಿಚೀಲದಲ್ಲಿ ಐಸ್ ಬಂತು. ಕಂಕುಳು, ತೊಡೆಸಂದಿಗೆಲ್ಲ ಐಸ್ ಒತ್ತಿದರು. ಆದರೂ ದವಡೆ ಬಿಡಲಿಲ್ಲ. ಜ್ವರ ನೂರಾ ಏಳು. ಮೂತ್ರದ ಕೊಳವೆಯಲ್ಲಿ ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣ.

"ನಾಲ್ಕು ಹೋಯ್ತು, ಏನೂ ಆಗ್ಲಿಲ್ಲ. ಇದು ಬೇರೆ ಏನೋ ಇರ್ಬಹುದಾ? ಗೊತ್ತಿಲ್ಲದ ಔಷಧ, ಬೇಯಿಸದ ನೀರು, ಇನ್ನೂ ಹಾಕ್ತಾ ಹೋಗೋದಾ?" ಎಂದರು ಸರ್ಜನ್ನರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಡಾಕ್ಟರಮ್ಮ ಸಿರಿಂಜನ್ನು ತಟ್ಟೆಗೆ ಇಟ್ಟರು.

ನಾನು ಮತ್ತೆ ನೀರಿಗೆ ಓಡಿದೆ. ಬಾಟಲಿ ಹಿಡಿದು ಹಿಂದಿರುಗುವಾಗ ಪಡಸಾಲೆಯಲ್ಲಿ ಅಕ್ಕ ಅಡ್ಡ ನಿಂತಳು. ಐಸಿನ ಚೀಲ ಒಳಗೆ ಹೋದದ್ದನ್ನು ಅವಳು ನೋಡಿದ್ದಳು.

"ಸಾರ್, ಐಸ್ ಯಾಕೆ ಸಾರ್? ಮೈ ಕಾದೈತಾ?"

"ಕಾದಿದೆಯಮ್ಮ. ದಾರಿ ಬಿಡು."

"ಸೆಟ್ಕೊಂಡೈತಾ? ಕಟ್ಟಿಗೆ ತರ?"

ನಾನು ನಿಂತುಬಿಟ್ಟೆ. "ನಿನಗೆ ಹೇಗೆ ಗೊತ್ತು?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನಮ್ ಅಮ್ಮನ ತಮ್ಮಂಗೂ ಹಿಂಗೇ ಆಯ್ತು ಸಾರ್. ನಾನು ಚಿಕ್ಕೋಳು. ಆಪರೇಷನ್ನಿಗೆ ಅಂತ ಒಳಗೆ ಹೋದೋನು ಸೆಟ್ಕೊಂಡು ಕಾದು ಸತ್ತೋದ. ಹೊರಗೆ ತಂದಾಗ್ಲೂ ಮೈ ಸುಡ್ತಿತ್ತು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಬೆಳಿಗ್ಗೆ ಡಾಕ್ಟರಮ್ಮ ಬಾಯಿಬಿಟ್ಟು ಕೇಳಿದ್ರಲ್ಲ! ಆಗ ನಾಲಿಗೆ ಬಿದ್ದು ಹೋಗಿತ್ತಾ ನಿನಗೆ?"

"ಒಳಗೆ ಹೋಗೋ ಹೊತ್ತಲ್ಲಿ ಸತ್ತೋರ ಹೆಸರು ಎತ್ತಾರಾ ಸಾರ್? ಹಣೆಗೆ ಕುಂಕುಮ ಇಟ್ಟು ಆ ಮಾತಾಡಿದ್ರೆ ಇವನನ್ನೂ ಕರ್ಕೊಂಡು ಹೋಗ್ತಾನೆ ಅಂತ ಬಾಯಿ ಮುಚ್ಕೊಂಡೆ. ಕೇಡಾಗ್ಬಾರ್ದು ಅಂತ ಮುಚ್ಕೊಂಡೆ ಸಾರ್!" ಎಂದು ಗೋಡೆಗೆ ಒರಗಿ ಕುಸಿದಳು.

ನನ್ನ ಸಿಟ್ಟು ಅಲ್ಲೇ ಇಳಿಯಿತು. ಕೇಡಾಗಬಾರದು ಎಂದು ಉಪ್ಪು ಹಾಕಿಟ್ಟವನು ನಾನು. ಇವಳಿಗೆ ಬೈಯುವ ಬಾಯಿ ನನಗೆಲ್ಲಿತ್ತು?

ಒಳಗೆ ಹೋಗಿ ಅವಳು ಹೇಳಿದ್ದನ್ನು ಹಾಗೇ ಹೇಳಿದೆ. ಡಾಕ್ಟರಮ್ಮ ಸಿರಿಂಜನ್ನು ಮತ್ತೆ ಎತ್ತಿಕೊಂಡರು. "ಹಾಗಾದ್ರೆ ಇದೇ. ಅನುಮಾನ ಬೇಡ. ಕಲಸ್ತಾ ಇರಿ, ನಾನು ಸಾಕು ಅನ್ನೋವರೆಗೂ ನಿಲ್ಲಿಸ್ಬೇಡಿ."

ಐದನೆಯದು, ಆರನೆಯದು, ಏಳನೆಯದು. ಸಿಸ್ಟರ್ ಒಂದು ಕುಲುಕಿದರೆ ನಾನೊಂದು. ಪ್ರತಿ ಸೀಸೆಯನ್ನೂ ಟ್ಯೂಬ್‌ಲೈಟಿಗೆ ಹಿಡಿದು, ಒಂದು ಚುಕ್ಕೆ ಕಂಡರೂ ಮತ್ತೆ ಕುಲುಕಿ ಕೊಟ್ಟೆವು. ಎಂಟನೆಯದು ಅರ್ಧ ಹೋಗಿತ್ತು. ಡಾಕ್ಟರಮ್ಮ ಹುಡುಗನ ಗಲ್ಲ ಹಿಡಿದು ಕೆಳಗೆ ಒತ್ತಿದರು. ಬಾಯಿ ತೆರೆದುಕೊಂಡಿತು.

"ಬಿಡ್ತು" ಎಂದರು. ಅಷ್ಟೇ.

ಸಿಸ್ಟರ್ ಥರ್ಮಾಮೀಟರ್ ಓದುತ್ತಾ ಹೋದರು. ನೂರಾ ಆರು. ನೂರಾ ಐದು. ನೂರಾ ಮೂರು ಎಂದಾಗ ಸರ್ಜನ್ನರು ಟೋಪಿ ತೆಗೆದು ಸ್ಟೂಲಿನ ಮೇಲೆ ಕೂತರು. ಉಳಿದ ಮೂರು ಸೀಸೆಗಳನ್ನು ಕಲಸದೆ ಇಟ್ಟುಕೊಂಡೆವು. ಇಟ್ಟದ್ದು ಒಳ್ಳೆಯದಾಯಿತು. ಮಧ್ಯಾಹ್ನ ನಾಲ್ಕಕ್ಕೆ ತೊಡೆಗಳು ಮತ್ತೆ ಬಿಗಿದವು, ನಾಡಿ ಏರಿತು, ಅಷ್ಟರಲ್ಲಿ ಬೆಂದು ಆರಿದ್ದ ನೀರಿನಲ್ಲಿ ಆ ಮೂರೂ ಹೋದವು. ಡಬ್ಬಿ ಬರಿದಾಯಿತು. ಆದರೆ ಬಿಗಿತ ಮತ್ತೆ ಬರಲಿಲ್ಲ. ಕಾಫಿ ಬಣ್ಣದ ಮೂತ್ರ ಸಂಜೆಯ ಹೊತ್ತಿಗೆ ಚಹಾದಷ್ಟು ತಿಳಿಯಾಯಿತು.

ಎಲ್ಲರ ಭಯ ಅಲ್ಲಿಗೆ ಮುಗಿಯಿತು, ನನ್ನದು ಅಲ್ಲಿಂದ ಶುರುವಾಯಿತು. ಬೇಯಿಸದ ನೀರು ಅರ್ಧ ಲೀಟರಿನ ಹತ್ತಿರ ಹತ್ತಿರ ಅವನ ಮೈಯಲ್ಲಿತ್ತು. ಚಳಿ ಬಂತಾ, ನಡುಕ ಬಂತಾ ಎಂದು ಹೋಗಿ ಹೋಗಿ ನೋಡಿದೆ. ಸಿಸ್ಟರಿಗೆ ಬೇಸರ ಬರುವಷ್ಟು ಸಲ ಕೇಳಿದೆ. ಬೆಳಿಗ್ಗೆ ಹುಡುಗ ಕಣ್ಣು ಬಿಟ್ಟಿದ್ದ. ನನ್ನ ಕಡೆ ತಿರುಗಿ, ಒಡೆದ ತುಟಿಯಲ್ಲೇ ಕೇಳಿದ: "ತೋಟದಲ್ಲಿ ಕಾಯಿ ಕಿತ್ರಾ?" ನಾನು ಭಟ್ಟಿ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಆಯಮ್ಮ ನೋಡಿದಳು. ಅದೊಂದನ್ನು ಮಾತ್ರ ಯಾರ ಮುಂದೆಯೂ ಆಡಿಕೊಳ್ಳಲಿಲ್ಲ.

ಆಮೇಲೆ ನನ್ನ ಕಾನೂನು ತಿದ್ದಿಕೊಂಡೆ. ಆಟೋಕ್ಲೇವ್ ಮಾಡಿದ ಬರೀ ನೀರಿನ ನಾಲ್ಕು ಬಾಟಲಿ, ಕೆಂಪು ಮಸಿಯಲ್ಲಿ 'ಉಪ್ಪಿಲ್ಲ, ನಾಳಕ್ಕೆ ಏರಿಸಬೇಡಿ' ಎಂದು ಬರೆದು, ಬೇರೆ ಬೀಗದಲ್ಲಿ. ತಿಂಗಳಿಗೊಮ್ಮೆ ಚೆಲ್ಲಿ ಹೊಸದು ಮಾಡುತ್ತಿದ್ದೆ. ಡಬ್ಬಿ ಮಾತ್ರ ಮತ್ತೆ ತುಂಬಲಿಲ್ಲ. ಡಾಕ್ಟರಮ್ಮ ಬರೆದ ಕಾಗದಗಳಿಗೆಲ್ಲ ಆ ಔಷಧ ಇಲ್ಲಿ ಸಿಗುವುದಿಲ್ಲ ಎಂದೇ ಉತ್ತರ. ಅವರೂ ಬೇರೆ ಊರಿಗೆ ಹೋದರು. ಹೋಗುವ ಮುಂಚೆ ಆ ಮನೆಯವರನ್ನೆಲ್ಲ ಕೂರಿಸಿಕೊಂಡು, ಇದು ರಕ್ತದಲ್ಲಿ ಬರುವ ದೋಷ, ಎಲ್ಲಿಗೆ ಹೋದರೂ ಹೇಳಬೇಕು ಎಂದು ಚೀಟಿ ಬರೆದು ಕೊಟ್ಟರು.

ನಾಲ್ಕು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅಕ್ಕ ತನ್ನ ಹನ್ನೆರಡು ವರ್ಷದ ಮಗಳನ್ನು ಹೊತ್ತುಕೊಂಡು ಬಂದಳು. ಅಪೆಂಡಿಕ್ಸ್, ತಡ ಮಾಡುವ ಹಾಗಿಲ್ಲ. ಅರಿವಳಿಕೆಗೆ ಬಂದಿದ್ದ ಹೊಸ ಡಾಕ್ಟರು ಆತುರದಲ್ಲಿದ್ದರು, ಸ್ಟ್ರೆಚರ್ ಆಗಲೇ ಥಿಯೇಟರಿನ ಬಾಗಿಲಿಗೆ ಬಂದಿತ್ತು. ಮಗುವಿನ ಹಣೆಯಲ್ಲಿ ಹಸಿ ಕುಂಕುಮ. ಚೀಟಿ ಮನೆಯಲ್ಲೇ ಉಳಿದಿತ್ತು. ಅಕ್ಕ ಬಾಗಿಲಿನ ಎರಡೂ ಕಡೆ ಕೈ ಇಟ್ಟು ಅಡ್ಡ ನಿಂತಳು.

"ಸಾರ್, ಒಂದ್ ಮಾತು. ನಮ್ ಸೋದರಮಾವ ಚಿನ್ನಪ್ಪ. ಅವನು ಆಪರೇಷನ್ ಟೇಬಲ್ ಮೇಲೆ ಮೈ ಕಾದು ಸತ್ತ. ನನ್ ತಮ್ಮಂಗೂ ಹಂಗೇ ಆಯ್ತು, ಇವ್ರು ಉಳಿಸಿದ್ರು, ಕೇಳಿ. ಇವಳಿಗೆ ಆ ಗಾಳಿ ಕೊಡ್ಬೇಡಿ" ಎಂದಳು. ಪಕ್ಕದಲ್ಲೇ ನಿಂತಿದ್ದ ನನ್ನನ್ನು ತೋರಿಸಿದಳು. ಸತ್ತವನ ಹೆಸರನ್ನು ಸ್ಪಷ್ಟವಾಗಿಯೇ ಹೇಳಿದ್ದಳು.

ಡಾಕ್ಟರು ನನ್ನ ಕಡೆ ನೋಡಿದರು. ನಾನು ಓಡಿ ಹೋಗಿ, ಬೀರುವಿನಲ್ಲಿದ್ದ ಖಾಲಿ ಡಬ್ಬಿಯನ್ನು ತಂದು ಅವರ ಕೈಗಿಟ್ಟೆ. "ಅವಳು ಹೇಳೋದು ನಿಜ ಸಾರ್. ಇನ್ನೊಂದು ಸಲ ಹಾಗಾದ್ರೆ ಕೊಡೋಕೆ ನನ್ನ ಹತ್ತಿರ ನೀರು ಬಿಟ್ರೆ ಏನೂ ಇಲ್ಲ."

ಅವರು ಗಾಳಿಯ ಯಂತ್ರವನ್ನು ಪಕ್ಕಕ್ಕೆ ತಳ್ಳಿಸಿ, ಮಗುವನ್ನು ಮಗ್ಗುಲಾಗಿ ಮಲಗಿಸಿ ಕೆಳಗಿನ ಮೈಯನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಬೆನ್ನಿಗೆ ಕೊಟ್ಟರು. ಒಂದು ಗಂಟೆಯ ಮೇಲೆ ಅವಳನ್ನು ಹೊರಗೆ ತಂದಾಗ ಎಚ್ಚರವಾಗಿಯೇ ಇದ್ದಳು. ಅಕ್ಕ ಮೊದಲು ಹಣೆ ಮುಟ್ಟಿದಳು, ಆಮೇಲೆ ಕತ್ತು, ಆಮೇಲೆ ಅಂಗಾಲು. ಎಲ್ಲ ತಣ್ಣಗಿತ್ತು.

"ಚಿನ್ನಪ್ಪ ಅಂದ್ರೆ ಯಾರಮ್ಮ?" ಎಂದು ಕೇಳಿತು ಮಗು.

ಅಕ್ಕ ಸ್ಟ್ರೆಚರಿನ ಪಕ್ಕ ನೆಲದ ಮೇಲೆ ಕೂತು, ಮಗಳ ಕೈ ಹಿಡಿದುಕೊಂಡು, ಅವನ ವಿಷಯವನ್ನು ಮೊದಲಿನಿಂದ ಹೇಳತೊಡಗಿದಳು.